ಸತ್ತು ಬಂದವರು: ಅಮರ್ಜಾ ದಂಡಿಯಿಂದ ಚನ್ನಪಟ್ಟಣದ ತನಕ

1/11

ನಮ್ಮ ಓಣ್ಯಾಗ ಒಬ್ಬ ಆಯಿ ಇದ್ದಳು. ಹೆಸರು ಬರೆಯೋದಿಲ್ಲ, ಆಕೆಯ ಮೊಮ್ಮಕ್ಕಳು ಈ ಪೇಜ್ ನೋಡ್ತಾರೆ. ನಾನು ಹುಟ್ಟೋದಕ್ಕಿಂತ ಮೊದಲಿನ ಮಾತು. ಒಂದು ಬ್ಯಾಸಗಿಯಲ್ಲಿ ವಾಂತಿ-ಭೇದಿ ಹತ್ತಿ ಎರಡೇ ದಿನದಲ್ಲಿ ಆಯಿ ತೀರಿಕೊಂಡಳು. ಅಂದರೆ, ತೀರಿಕೊಂಡಳು ಅಂತ ಎಲ್ಲರೂ ತಿಳಿದರು. ಮೈ ತಣ್ಣಗಾಗಿತ್ತು, ಕೈ ಹಿಡಿದು ನೋಡಿದವರಿಗೆ ನಾಡಿ ಸಿಗಲಿಲ್ಲ. ಅಂಗಳಕ್ಕೆ ತಂದು ಮಲಗಿಸಿದರು. ಹಂಡೆಯಲ್ಲಿ ನೀರು ಕಾಯಲಿಕ್ಕಿಟ್ಟರು. ಬೀಗರ ಊರಿಗೆ ಸುದ್ದಿ ಹೇಳಲಿಕ್ಕೆ ಆಳು ಹೋದ. ನೀರು ಕಾಯೋದ್ರೊಳಗ ಆಯಿಯ ಬೆರಳು ಅಲುಗಿತು.

ಆಮೇಲೆ ಆಕೆ 20 ವರ್ಷಕ್ಕೂ ಹೆಚ್ಚು ಬಾಳಿದಳು. ನಾವು ಹುಡುಗರು ಸುತ್ತ ಕೂತು ಕೇಳ್ತಿದ್ವಿ, "ಆಯಿ, ಅಲ್ಲಿ ಏನ್ ನೋಡ್ದಿ?" ಯಮ, ಕ್ವಾಣ, ಏನಾದ್ರೂ ಹೇಳ್ಯಾಳು ಅಂತ ನಮ್ಮ ಆಸೆ. ಆಕಿ ಪ್ರತಿ ಸಲ ಒಂದೇ ಮಾತು ಹೇಳ್ತಿದ್ದಳು. "ಹೊಗಿ ವಾಸನಿ ಬಂತು. ಕಟಗಿ ಹಸಿ ಇದ್ವು."

ಇಷ್ಟೇ. ನಮಗ ಭಾಳ ನಿರಾಸೆ ಆಗ್ತಿತ್ತು.

ಈ ಸರಣಿ ಸತ್ತು ಬಂದವರ ಬಗ್ಗೆ. ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆ ಸಾವಿನ ಬಗ್ಗೆ ಏನು ನಂಬಿಕೊಂಡು ಬಂದಿದ್ದೇವೆ, ಬೆಂಗಳೂರಿನ ಒಬ್ಬ ಸಂಶೋಧಕಿ ಕರ್ನಾಟಕದ ಹಳ್ಳಿಗಳಲ್ಲಿ ಏನು ಕೇಳಿ ಬರೆದುಕೊಂಡರು, ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ಏನು ಸಿಕ್ಕಿತು. ಆಯಿ ಮಧ್ಯದಲ್ಲಿ ಬರ್ತಾ ಹೋಗ್ತಾಳೆ.

2/11

ಫೋಟೊದಲ್ಲಿ ಇರೋದು ದೇವಲ ಗಾಣಗಾಪುರದ ಸಂಗಮ, ಅಫಜಲಪುರ ತಾಲೂಕು. ದೊಡ್ಡದು ಭೀಮಾ. ಸಣ್ಣಗೆ ಬಂದು ಕೂಡೋದು ಅಮರ್ಜಾ.

ನಮ್ಮ ಮೂರು ತಾಲೂಕುಗಳನ್ನ ನೀರೇ ಹೊಲಿದಿಟ್ಟಿದೆ. ಅಮರ್ಜಾ ಆಳಂದ ಸೀಮೆಯಿಂದ ಬರ್ತದೆ, ಕೊರಳ್ಳಿ ಹತ್ತಿರ ಅದಕ್ಕೆ ಡ್ಯಾಂ ಕಟ್ಟ್ಯಾರೆ. ಗಾಣಗಾಪುರದಲ್ಲಿ ಭೀಮೆಗೆ ಸೇರ್ತದೆ. ಭೀಮಾ ಮುಂದೆ ಜೇವರ್ಗಿ ಸೀಮೆಗೆ ಹೋಗ್ತಾಳೆ. ಕಲಬುರಗಿಯಿಂದ ಜೇವರ್ಗಿಗೆ ಹೋಗುವಾಗ ಕಟ್ಟಿಸಂಗಾವಿ ಬ್ರಿಜ್ ಮೇಲೆ ಬಸ್ಸಿನಿಂದ ಚಿಲ್ಲರೆ ದುಡ್ಡು ಒಗೆಯುವವರು ಇದೇ ನೀರಿಗೆ ಒಗೆಯೋದು.

ಅಮರ್ಜಾ ಅನ್ನೋ ಹೆಸರಿಗೆ 'ಗುರುಚರಿತ್ರೆ'ಯಲ್ಲಿ ಒಂದು ಕಥೆ ಇದೆ. ಜಲಂಧರ ಅನ್ನೋ ರಾಕ್ಷಸ ದೇವತೆಗಳನ್ನ ಕೊಂದು ಹಾಕ್ತಾನೆ. ಸತ್ತವರನ್ನ ಎಬ್ಬಿಸಲಿಕ್ಕೆ ಇಂದ್ರನಿಗೆ ಶಿವ ಅಮೃತ ಕೊಡ್ತಾನೆ. ಒಯ್ಯುವಾಗ ಅದರಲ್ಲಿ ಒಂದಿಷ್ಟು ಭೂಮಿಗೆ ಬಿತ್ತು, ಅದು ಹೊಳೆಯಾಗಿ ಹರಿಯಿತು. ಇಲ್ಲಿ ಮುಳುಗಿದವರಿಗೆ ಅಕಾಲ ಮೃತ್ಯು ಇಲ್ಲ ಅನ್ನೋದು ನಂಬಿಕೆ.

ಅಂದರೆ ಆಳಂದದ ಹೊಲಗಳಿಗೆ ನೀರು ಕೊಡುವ ಹೊಳೆಯ ಹೆಸರಿನಲ್ಲೇ ಸತ್ತವರು ಎದ್ದು ಕೂತ ಕಥೆ ಇದೆ. ಈಗ ಬ್ಯಾಸಗಿಯಲ್ಲಿ ಹೋಗಿ ನೋಡಿದರೆ ಅಮೃತ ಮೊಣಕಾಲು ತನಕವೂ ಬರೋದಿಲ್ಲ, ಅದು ಬೇರೆ ಮಾತು.

3/11

ಗಾಣಗಾಪುರದಲ್ಲಿ 15ನೇ ಶತಮಾನದಲ್ಲಿ ಇದ್ದವರು ನೃಸಿಂಹ ಸರಸ್ವತಿ. ಹುಟ್ಟಿದ್ದು ವಿದರ್ಭದ ಕಾರಂಜಾ. ಭಕ್ತರು ಅವರನ್ನ ದತ್ತಾತ್ರೇಯನ ಅವತಾರ ಅಂತ ನಂಬ್ತಾರೆ. ಅವರ ಚರಿತ್ರೆ ಬರೆದದ್ದು ಸರಸ್ವತಿ ಗಂಗಾಧರ, ಮರಾಠಿಯಲ್ಲಿ. ಆದರೆ ಬರೆದವನ ಮನೆಮಾತು ಕನ್ನಡ. ಗಡಿನಾಡಿನ ನಮಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ.

ಆ ಗ್ರಂಥದ 30ರಿಂದ 32ನೇ ಅಧ್ಯಾಯಗಳಲ್ಲಿ ಬರುವ ಕಥೆ ಇದು. ಮಾಹೂರಿನ ಒಬ್ಬ ಹುಡುಗ, ಹೆಸರು ದತ್ತ. ಹೊಸದಾಗಿ ಮದುವೆ. ಕ್ಷಯ ಹತ್ತಿತು. ಯಾವ ಔಷಧಿಯೂ ನಾಟಲಿಲ್ಲ. ಗಾಣಗಾಪುರದ ಗುರುವಿನ ಸುದ್ದಿ ಕೇಳಿ ಹೆಂಡತಿ ಅವನನ್ನ ಅಷ್ಟು ದೂರದಿಂದ ಕರ್ಕೊಂಡು ಬರ್ತಾಳೆ. ಊರು ಮುಟ್ಟಿದಾಗ ಅವನ ಜೀವ ಹೋಗ್ತದೆ.

ಆಕೆ ಚಿತೆ ಏರಲಿಕ್ಕೆ ತಯಾರಾಗ್ತಾಳೆ. ಒಬ್ಬ ಯೋಗಿ ಬಂದು ಉಪದೇಶ ಮಾಡ್ತಾನೆ, ಭಸ್ಮ ಮತ್ತು ರುದ್ರಾಕ್ಷಿ ಕೊಡ್ತಾನೆ. ಸಾಯೋಕ್ಕಿಂತ ಮೊದಲು ಗುರುವಿನ ದರ್ಶನ ಮಾಡಿಕೋ ಅಂತಾನೆ. ಆಕೆ ಹೋಗಿ ಕಾಲಿಗೆ ಬೀಳ್ತಾಳೆ. ಗುರು ಅಭ್ಯಾಸಬಲದಂತೆ ಮುತ್ತೈದೆಯಾಗಿ ಬಾಳು ಅಂತ ಹರಸಿಬಿಡ್ತಾನೆ. ಸುತ್ತ ನಿಂತವರು ಗಾಬರಿಯಾಗಿ, ಇವಳ ಗಂಡನ ಹೆಣ ಹೊಳೆ ದಂಡಿಗೆ ಇದೆ ಅಂತಾರೆ. ಹಾಗಾದರೆ ತನ್ನಿ ಇಲ್ಲಿಗೆ. ಪಾದತೀರ್ಥ ಹೆಣದ ಮೇಲೆ ಹಾಕಿಸ್ತಾರೆ. ಹುಡುಗ ಎದ್ದು ಕೂಡ್ತಾನೆ.

ಎದ್ದವನು ಮೊದಲು ಮಾಡಿದ್ದೇನು ಗೊತ್ತಾ? ಮೈಮೇಲೆ ಬಟ್ಟೆ ಇಲ್ಲ ಅಂತ ನಾಚಿಕೊಂಡ. ಆಮೇಲೆ ಹೆಂಡತಿಗೆ ಕೇಳಿದ, ಇಷ್ಟು ಹೊತ್ತು ಮಲಗಿಬಿಟ್ಟೆನಲ್ಲ, ಯಾಕೆ ಎಬ್ಬಿಸಲಿಲ್ಲ ಅಂತ.

4/11

ಈ ಕಥೆಯನ್ನ ನಾನು ಗುಡಿಯ ಪಾರಾಯಣದಲ್ಲಿ ಎಷ್ಟೋ ಸಲ ಕೇಳಿದ್ದೇನೆ. ದೊಡ್ಡವನಾದ ಮೇಲೆ ಮತ್ತೆ ಓದಿದಾಗ ಎರಡು ಮಾತು ಕಣ್ಣಿಗೆ ಬಿದ್ದವು.

ಒಂದು, ಸತ್ತ ಹುಡುಗನಿಗೆ ಅಲ್ಲಿ ಏನು ಕಂಡಿತು ಅಂತ ಯಾರೂ ಕೇಳೋದೇ ಇಲ್ಲ. ಮೂರು ಅಧ್ಯಾಯದಲ್ಲಿ ಅವನಿಗಿಂತ ಹೆಂಡತಿಯಾದವಳು ಹ್ಯಾಂಗಿರಬೇಕು, ವಿಧವೆ ಹ್ಯಾಂಗಿರಬೇಕು ಅನ್ನೋ ಉಪದೇಶವೇ ಜಾಸ್ತಿ. ಅದನ್ನ ಇವತ್ತು ಓದಲಿಕ್ಕೆ ನನಗೆ ಕಷ್ಟವಾಗ್ತದೆ, ಮುಚ್ಚಿಟ್ಟು ಏನು ಪ್ರಯೋಜನ.

ಎರಡು, ಒಬ್ಬ ತರ್ಕದ ಮನುಷ್ಯ ಎದ್ದು ನಿಂತು ಗುರುವಿಗೇ ಪ್ರಶ್ನೆ ಹಾಕ್ತಾನೆ. ಬ್ರಹ್ಮ ಬರೆದ ಆಯುಷ್ಯ ಮುಗಿದಿತ್ತು, ಅದು ಸುಳ್ಳಾದದ್ದು ಹ್ಯಾಂಗ? ಗುರುವಿನ ಉತ್ತರ ಒಬ್ಬ ಕುಲಕರ್ಣಿ ಕೊಟ್ಟ ಉತ್ತರದ ಹಾಗಿದೆ. ಇವನ ಮುಂದಿನ ಜನ್ಮದ ಆಯುಷ್ಯದಿಂದ ಬ್ರಹ್ಮನನ್ನ ಕೇಳಿ ಈ ಜನ್ಮಕ್ಕೆ ತೆಗೆದುಕೊಂಡಿದ್ದೇನೆ. ಅಂದರೆ ಸಾಲ. ಲೆಕ್ಕ ತಪ್ಪಿಲ್ಲ, ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಹಾಕಿದ್ದು, ಅಷ್ಟೇ.

ನಮ್ಮ ಹಿರಿಯರಿಗೆ ಚಿಂತೆ ಇದ್ದದ್ದು ಇಲ್ಲಿ. ಅಲ್ಲಿ ಏನು ಕಂಡಿತು ಅನ್ನೋದಕ್ಕಿಂತ, ಒಬ್ಬ ತಿರುಗಿ ಬಂದರೆ ಆ ಲೆಕ್ಕವನ್ನ ತುಂಬಿದವರು ಯಾರು ಅನ್ನೋದು. ಈ ಮಾತು ನೆನಪಿಡ್ರಿ, 8ನೇ ಕಂತಿನಲ್ಲಿ ಬೇಕಾಗ್ತದೆ.

ಇನ್ನು ನೃಸಿಂಹ ಸರಸ್ವತಿಗಳು ಸತ್ತರು ಅಂತ ಗಾಣಗಾಪುರದಲ್ಲಿ ಯಾರೂ ಹೇಳೋದಿಲ್ಲ. ಶ್ರೀಶೈಲದ ಕಡೆ ಕದಳೀವನಕ್ಕೆ, ಹೂವಿನ ಆಸನದ ಮೇಲೆ ಕೂತು ಹೊಳೆಯಲ್ಲಿ ಹೊರಟು ಹೋದರು. ಇಲ್ಲಿ ಪಾದುಕೆ ಉಳಿದವು. ಈಗಲೂ ಮಧ್ಯಾಹ್ನ ಯಾವುದೋ ರೂಪದಲ್ಲಿ ಭಿಕ್ಷೆಗೆ ಬರ್ತಾರೆ ಅನ್ನೋ ನಂಬಿಕೆಯಿಂದ ಊರಲ್ಲಿ ಮಧುಕರಿ ನಡೀತದೆ. ಎದುರಿಗೆ ಜೋಳಿಗೆ ಹಿಡಿದು ನಿಂತವನು ಯಾರು ಅಂತ ಹೇಳಲಿಕ್ಕೆ ಬರೋದಿಲ್ಲ, ಅದಕ್ಕೇ ಎಲ್ಲರಿಗೂ ನೀಡಬೇಕು.

5/11

ಹೊಳೆಯ ಮೇಲ್ಗಡೆ, ಆಳಂದ. ಇಲ್ಲಿ 14ನೇ ಶತಮಾನದ ಸೂಫಿ ಸಂತ ಶೇಖ್ ಅಲಾಉದ್ದೀನ್ ಅನ್ಸಾರಿ ಅವರ ದರ್ಗಾ ಇದೆ. ಊರವರ ಬಾಯಲ್ಲಿ ಲಾಡ್ಲೆ ಮಶಾಯಕರು. ಅದೇ ಆವರಣದಲ್ಲಿ ರಾಘವ ಚೈತನ್ಯರ ಸಮಾಧಿಯೂ ಇದೆ. ತುಕಾರಾಮರ ಗುರುಪರಂಪರೆಯಲ್ಲಿ ಬರುವ ಹೆಸರು ಅದು. ಈಗೀಗ ಈ ಜಾಗದ ಸುತ್ತ ಜಗಳ, ಕೋರ್ಟು, ಪೊಲೀಸ್ ಬಂದೋಬಸ್ತು. ಈ ಸರಣಿಯಲ್ಲಿ ಅದರ ತಂಟೆಗೆ ಹೋಗೋದಿಲ್ಲ. ಕಾಮೆಂಟಿನಲ್ಲೂ ಬೇಡ.

ನನಗೆ ಇಲ್ಲಿ ಬೇಕಾದ್ದು ಒಂದೇ ಶಬ್ದ. ಉರುಸು. ಅರಬ್ಬಿಯಲ್ಲಿ ಅದರ ಅರ್ಥ ಮದುವೆ. ಸಂತ ತೀರಿಕೊಂಡ ದಿನವೇ ಅವನು ಪ್ರಿಯನನ್ನ ಕೂಡಿದ ದಿನ, ಅದಕ್ಕೇ ಗಂಧ, ಹೂವು, ಖವ್ವಾಲಿ. ಸಂತರಿಗೆ ಇಂತಹವರು ಸತ್ತರು ಅನ್ನೋದಿಲ್ಲ, ಪರದೆ ಮಾಡಿಕೊಂಡರು ಅಂತಾರೆ. ಪರದೆಯ ಆಚೆ ಇದ್ದವನಿಗೆ ಮಾತು ಕೇಳಿಸ್ತದೆ. ಆದ್ದರಿಂದಲೇ ಜನ ಗೋರಿಯ ಮುಂದೆ ನಿಂತು ಮಗಳ ಲಗ್ನ, ಹೊಲದ ಬಾಂದು, ಎಲ್ಲ ಹೇಳಿಕೊಳ್ತಾರೆ.

ಗಾಣಗಾಪುರದಲ್ಲಿ ಪಾದುಕೆ, ಆಳಂದದಲ್ಲಿ ಗೋರಿ. ಹೋದವರು ಹೋಗಿಲ್ಲ ಅನ್ನೋದಕ್ಕೆ ಒಂದೇ ಹೊಳೆಯ ಎರಡು ತುದಿಗಳಲ್ಲಿ ಎರಡು ಭಾಷೆ.

6/11

ಭೀಮಾ ದಾಟಿ ಜೇವರ್ಗಿಗೆ ಬಂದರೆ ಮಾತು ಬೇರೆ ಆಗ್ತದೆ.

ಅರಳಗುಂಡಗಿ, ಶರಣಬಸವೇಶ್ವರರು ಹುಟ್ಟಿದ ಊರು. ಕಲಬುರಗಿಯಲ್ಲಿ 1822ರಲ್ಲಿ ಲಿಂಗೈಕ್ಯರಾದರು. ಕಡಕೋಳ, ತತ್ವಪದದ ಮಡಿವಾಳಪ್ಪನವರ ಊರು. ಎರಡೂ ಹಳೆಯ ಜೇವರ್ಗಿ ತಾಲೂಕಿನವು, ಈಗ ಯಡ್ರಾಮಿ ತಾಲೂಕು ಆಗಿದೆ. ಮಡಿವಾಳಪ್ಪನವರ ಶಿಷ್ಯರಲ್ಲಿ ಚೆನ್ನೂರ ಜಲಾಲಸಾಹೇಬರೂ ಇದ್ದರು.

ಲಿಂಗೈಕ್ಯ ಅನ್ನೋ ಶಬ್ದವನ್ನ ನಾವು ಮದುವೆ ಕಾರ್ಡಿನ ಮೂಲೆಯಲ್ಲೂ ಬ್ಯಾನರಿನಲ್ಲೂ ನೋಡಿ ನೋಡಿ ಅದರ ಅರ್ಥ ಮರೆತಿದ್ದೇವೆ. ಶರಣರ ಲೆಕ್ಕದಲ್ಲಿ ಸತ್ತ ಮೇಲೆ ಎಲ್ಲಿಗೂ ಹೋಗಲಿಕ್ಕಿಲ್ಲ. ಯಮನ ಊರಿಲ್ಲ, ವೈತರಣಿ ಇಲ್ಲ, ತಿಥಿ ಇಲ್ಲ. ಲಿಂಗದಲ್ಲಿ ಕೂಡೋದು, ಬಯಲಾಗೋದು. ಆದ್ದರಿಂದ ಹೆಣವನ್ನ ಮಲಗಿಸಿ ಒಯ್ಯೋದಿಲ್ಲ. ವಿಭೂತಿ ಹಚ್ಚಿ, ಕೂಡಿಸಿ, ವಿಮಾನದಲ್ಲಿ ಒಯ್ದು, ಸಮಾಧಿಯಲ್ಲೂ ಕೂತ ಹಾಗೇ ಇಡ್ತಾರೆ, ಅಂಗೈಯಲ್ಲಿ ಲಿಂಗ. ಪ್ರಯಾಣಕ್ಕೆ ಹೊರಟವನ ಹಾಗಲ್ಲ, ಪೂಜೆಗೆ ಕೂತವನ ಹಾಗೆ.

ತತ್ವಪದಕಾರರು ಇದನ್ನ ಇನ್ನೂ ತಿರುವಿ ಹಾಕಿದರು. ಗುರುವಿನ ಕೈಯಲ್ಲಿ ಒಮ್ಮೆ ಸತ್ತು ಹುಟ್ಟಿದವನಿಗೆ ಆಮೇಲಿನ ಸಾವು ಏನು ಮಾಡ್ತದೆ ಅನ್ನೋದು ಅವರ ಧಾಟಿ. ಸತ್ತ ಮನೆಯಲ್ಲಿ ರಾತ್ರಿಯಿಡೀ ಏಕತಾರಿ, ದಮ್ಮಡಿ ಹಿಡಿದು ಭಜನೆಯವರು ಹಾಡುವಾಗ ಆ ಪದಗಳನ್ನ ಕೇಳಿದವರಿಗೆ ನಾನು ಹೇಳೋದು ತಿಳೀತದೆ. ಅಳೋರು ಅಳ್ತಿರ್ತಾರೆ, ಪದ ಮಾತ್ರ ಸಾವನ್ನ ಚ್ಯಾಷ್ಟಿ ಮಾಡ್ತಿರ್ತದೆ.

ನಮ್ಮ ಓಣಿಯೂ ಇದೇ ಸಂಪ್ರದಾಯದ್ದು. ಆಯಿಯನ್ನ ಆ ದಿನ ಇನ್ನೂ ಕೂಡಿಸಿರಲಿಲ್ಲ, ಸ್ನಾನ ಆಗಬೇಕಿತ್ತು. ಆದರೆ ಆಕೆ ಎದ್ದ ಕೂಡಲೇ ಎಲ್ಲರ ಬಾಯಲ್ಲಿ ಬಂದ ಮಾತು ಲಿಂಗದ್ದಲ್ಲ. "ಯಮ ಹೆಸರು ತಪ್ಪಿ ಒಯ್ದಿದ್ದ" ಅಂದರು. 800 ವರ್ಷದ ಹಿಂದೆ ಹೊರಗೆ ಹಾಕಿದ ಯಮ ಹಿತ್ತಲ ಬಾಗಿಲಿನಿಂದ ಯಾವಾಗ ಒಳಗೆ ಬಂದನೋ.

7/11

ಇಷ್ಟು ಹೊತ್ತು ಗುಡಿ, ದರ್ಗಾ, ಮಠ ಆಯ್ತು. ಸತ್ತು ಬಂದವರನ್ನ ಕೂಡಿಸಿಕೊಂಡು, ಪೆನ್ನು ಹಿಡಿದು, ಏನು ಕಂಡಿರಿ ಅಂತ ಕೇಳುವ ಕೆಲಸ ತೀರಾ ಇತ್ತೀಚಿನದು.

ಸ್ವಿಟ್ಜರ್ಲೆಂಡಿನ ಭೂವಿಜ್ಞಾನಿ ಆಲ್ಬರ್ಟ್ ಹೈಮ್ 1892ರಲ್ಲಿ, ಬೆಟ್ಟದಿಂದ ಬಿದ್ದು ಬದುಕಿದವರ ಅನುಭವಗಳನ್ನ ಕೂಡಿಸಿ ಪ್ರಕಟ ಮಾಡಿದ. ಅವನೂ ಒಮ್ಮೆ ಬಿದ್ದವನೇ. ಜಗತ್ತಿನ ಕಿವಿಗೆ ಈ ವಿಷಯ ಬಿದ್ದದ್ದು ಮಾತ್ರ 1975ರಲ್ಲಿ, ಅಮೆರಿಕದ ರೇಮಂಡ್ ಮೂಡಿ 'ಲೈಫ್ ಆಫ್ಟರ್ ಲೈಫ್' ಬರೆದಾಗ. ಕತ್ತಲ ಸುರಂಗ, ತುದಿಗೆ ಬೆಳಕು, ಮೇಲಿನಿಂದ ತನ್ನದೇ ದೇಹವನ್ನ ನೋಡೋದು, ಕಣ್ಣ ಮುಂದೆ ಇಡೀ ಜೀವನ. ಸಿನಿಮಾಗಳಲ್ಲಿ ನೀವು ನೋಡೋದೆಲ್ಲ ಆ ಪುಸ್ತಕದ ಮರಿಗಳು.

ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಎರಡು ಕೆಲಸ ನಡೆದಿದ್ದವು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಡಾ. ಎಚ್. ನರಸಿಂಹಯ್ಯ ಪವಾಡಗಳನ್ನ ವೈಜ್ಞಾನಿಕವಾಗಿ ಪರೀಕ್ಷೆ ಮಾಡಲಿಕ್ಕೆ ಸಮಿತಿ ಮಾಡಿದರು. ಅದರ ಗದ್ದಲ ದೇಶಕ್ಕೆಲ್ಲ ಕೇಳಿಸಿತು. ಗದ್ದಲವಿಲ್ಲದೆ ನಡೆದದ್ದು ನಿಮ್ಹಾನ್ಸ್‌ನಲ್ಲಿ. ಅಲ್ಲಿನ ಮನಃಶಾಸ್ತ್ರಜ್ಞೆ ಸತ್ವಂತ್ ಪಸ್ರೀಚಾ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಇಯಾನ್ ಸ್ಟೀವನ್ಸನ್ ಜೊತೆ ಹಳ್ಳಿ ಹಳ್ಳಿ ತಿರುಗಿ, ಹಿಂದಿನ ಜನ್ಮ ನೆನಪಿದೆ ಅನ್ನೋ ಮಕ್ಕಳ ಮಾತು ಬರೆದುಕೊಳ್ತಿದ್ದರು. ಹಾಗೆ ತಿರುಗುವಾಗಲೇ ಸತ್ತು ಬಂದವರೂ ಸಿಕ್ಕರು.

ನರಸಿಂಹಯ್ಯನವರ ದಾರಿ ಸವಾಲು ಹಾಕೋದು, ಪಸ್ರೀಚಾ ಅವರದ್ದು ಕೂತು ಕೇಳೋದು. ನನಗೆ ಇಬ್ಬರೂ ಬೇಕು ಅನಿಸ್ತದೆ. ಸವಾಲು ಇಲ್ಲದಿದ್ದರೆ ಕೇಳಿದ್ದೆಲ್ಲ ನಿಜ ಆಗ್ತದೆ. ಕೇಳೋರು ಇಲ್ಲದಿದ್ದರೆ ಆಯಿಯಂಥವರ ಮಾತು ಓಣಿಯಲ್ಲೇ ಸತ್ತುಹೋಗ್ತದೆ.

8/11

ಪಸ್ರೀಚಾ ಮತ್ತು ಸ್ಟೀವನ್ಸನ್ 1986ರಲ್ಲಿ ಭಾರತದ 16 ಪ್ರಕರಣಗಳ ವರದಿ ಪ್ರಕಟ ಮಾಡಿದರು. ಅಮೆರಿಕದ ಸುರಂಗ ಇಲ್ಲಿ ಕಾಣಲಿಲ್ಲ. ತನ್ನ ದೇಹವನ್ನ ತಾನೇ ಮೇಲಿನಿಂದ ನೋಡಿದೆ ಅನ್ನೋದೂ ಬಹಳ ಕಡಿಮೆ.

ಇಲ್ಲಿ ಕಂಡದ್ದು ಕಚೇರಿ. ದೂತರು ಬರ್ತಾರೆ, ಕೈ ಹಿಡಿದು ಕರ್ಕೊಂಡು ಹೋಗ್ತಾರೆ. ಅಲ್ಲಿ ಒಬ್ಬ ಪುಸ್ತಕ ಬಿಚ್ಚಿಕೊಂಡು ಕೂತಿರ್ತಾನೆ. ಪುಟ ತಿರುವಿ ನೋಡಿ ದೂತರಿಗೇ ಬೈತಾನೆ. ಕರೆತರಬೇಕಾದವನು ಇವನಲ್ಲ, ಅದೇ ಹೆಸರಿನ ಇನ್ನೊಬ್ಬ, ಬೇರೆ ಜಾತಿ, ಬೇರೆ ಕಸುಬು. ವ್ಯಾಪಾರಿಯನ್ನ ಯಾಕೆ ತಂದಿರಿ, ಕುಂಬಾರನನ್ನ ತನ್ನಿ ಅಂದದ್ದೂ ಒಂದು ಪ್ರಕರಣದಲ್ಲಿದೆ. ಇವನನ್ನ ದಬ್ಬಿ ಕೆಳಗೆ ಕಳಿಸ್ತಾರೆ. ಕಣ್ಣು ಬಿಟ್ಟರೆ ಮನೆ.

ತಹಶೀಲ್ ಕಚೇರಿಯಲ್ಲಿ ಪಹಣಿ ತಿದ್ದಿಸಲಿಕ್ಕೆ ಓಡಾಡಿದವರಿಗೆ ಈ ಯಮಲೋಕ ಹೊಸದೇನಲ್ಲ. ನಗು ಬರ್ತದೆ. ಆದರೆ ಆ ಕಥೆಯ ಇನ್ನೊಂದು ತುದಿ ನಗುವಂಥದ್ದಲ್ಲ. ಇವನು ತಪ್ಪಾಗಿ ಹೋಗಿದ್ದರೆ, ಸರಿಯಾಗಿ ಹೋಗಬೇಕಾದವನು ಇನ್ನೊಬ್ಬ ಇದ್ದಾನೆ. ಅವನಿಗೂ ಒಂದು ಮನೆ ಇದೆ.

ಆಯಿ ಎದ್ದು ಕೂತ ವಾರದೊಳಗೆ ಮುಂದಿನ ಓಣಿಯಲ್ಲಿ ಅದೇ ಹೆಸರಿನ ಹೆಣ್ಣುಮಗಳು ಹೋದಳು. ಅದೇ ವಾಂತಿ-ಭೇದಿ. ಊರಲ್ಲಿ ಬ್ಯಾನಿ ಇದ್ದಾಗ ಇಬ್ಬರಿಗೂ ತಗಲಿದ್ದರಲ್ಲಿ ಏನು ವಿಶೇಷ? ಆ ಹೆಸರಿನವರು ಊರಲ್ಲಿ ಹತ್ತು ಜನ ಇದ್ದರು. ಆದರೆ ಆ ಮನೆಯವರು ಹಾಗೆ ತಿಳಿಯಲಿಲ್ಲ. "ನಿನ್ನ ಪಾಳಿ ನಮ್ಮವ್ವಗ ಹಚ್ಚಿ ಬಂದಿ" ಅಂತ ಬಾವಿ ಕಟ್ಟೆಯ ಮೇಲೆ ಎಲ್ಲರೆದುರು ಅಂದರಂತೆ. ಅಂದಿನಿಂದ ಆ ಎರಡು ಮನೆಗೆ ಮಾತಿಲ್ಲ. ಅರಿಷಿಣ ಹಚ್ಚುವ ಕಾರ್ಯಕ್ಕೆ, ಉಡಿ ತುಂಬಲಿಕ್ಕೆ ಆಯಿಯನ್ನ ಬೇರೆಯವರೂ ಕರೆಯೋದು ಬಿಟ್ಟರು. ಸತ್ತು ಬಂದ ಕೈ ಅಂತ.

ಆಯಿ ಮಾತ್ರ ಪ್ರತಿ ವರ್ಷ ಎಳ್ಳ ಅಮಾವಾಸ್ಯೆಗೆ ಭಜ್ಜಿ, ಸಜ್ಜಿ ಕಡಬು ಕಟ್ಟಿ ಆ ಮನೆಗೆ ಕಳಿಸ್ತಿದ್ದಳು. ಬುತ್ತಿ ಬಿಚ್ಚದೇ ಹಾಗೇ ತಿರುಗಿ ಬರ್ತಿತ್ತು. ನಾನೇ ಎರಡು ಸಲ ಒಯ್ದು ತಂದಿದ್ದೇನೆ.

9/11

ಉತ್ತರ ಭಾರತದ ಕಥೆಗಳು ಅಂತ ಬಿಟ್ಟುಬಿಡಬಹುದಿತ್ತು. ಪಸ್ರೀಚಾ ಹಾಗೆ ಬಿಡಲಿಲ್ಲ. ಮುಂದೆ ಚನ್ನಪಟ್ಟಣ ಭಾಗದ ಹಳ್ಳಿಗಳಲ್ಲಿ ಕ್ರಮಬದ್ಧವಾಗಿ ಸರ್ವೆ ಮಾಡಿದರು. ಆರು ಸಾವಿರಕ್ಕೂ ಹೆಚ್ಚು ಜನಸಂಖ್ಯೆಯ ನಡುವೆ, ಸತ್ತರು ಅಂದುಕೊಂಡು ಬದುಕಿದವರು ಯಾರಿದ್ದಾರೆ ಅಂತ ಹುಡುಕಿದರು. ವರದಿಗಳು 1992 ಮತ್ತು 1993ರಲ್ಲಿ ಬಂದವು. ಗೊಂಬೆಗಳ ಊರು ಅಂತ ನಾವು ತಿಳಿದಿರುವ ಚನ್ನಪಟ್ಟಣ, ಈ ವಿಷಯ ಓದುವ ಹೊರದೇಶದವರಿಗೆ ಬೇರೆಯೇ ಕಾರಣಕ್ಕೆ ಗೊತ್ತು. ಅಲ್ಲಿಯೂ ಹೀಗೆ ಹೋಗಿ ಬಂದೆವು ಅನ್ನುವವರು ಸಿಕ್ಕರು. ದೂತರು, ತಿರುಗಿ ಕಳಿಸೋದು, ಉತ್ತರದ ಕಥೆಗಳಿಗೆ ಹೋಲುವಂಥವೇ.

ಇದಕ್ಕೆ ಒಂದು ಅಡ್ಡ ಮಾತೂ ಬಂತು. ಇಂಗ್ಲೆಂಡಿನ ಮನಃಶಾಸ್ತ್ರಜ್ಞೆ ಸೂಸನ್ ಬ್ಲ್ಯಾಕ್‌ಮೋರ್ ಭಾರತದ ಇಂಗ್ಲಿಷ್ ಪೇಪರಿನಲ್ಲಿ ಜಾಹೀರಾತು ಕೊಟ್ಟು, ಸಾವಿನ ಹತ್ತಿರ ಹೋಗಿ ಬಂದವರು ಪತ್ರ ಬರೀರಿ ಅಂದರು. 1993ರಲ್ಲಿ ಅವರು ಬರೆದದ್ದು, ಭಾರತದವರಿಗೂ ಸುರಂಗ ಕಾಣ್ತದೆ ಅಂತ. ಕತ್ತಲು, ಸುರಂಗ ಅಂದ ಕೆಲವರು ಅವರಿಗೆ ಸಿಕ್ಕಿದ್ದರು. ಮೆದುಳಿನ ದೃಷ್ಟಿಯ ಭಾಗಕ್ಕೆ ಆಮ್ಲಜನಕ ಕಡಿಮೆಯಾದಾಗ ಹಾಗೆ ಕಾಣೋದು ಸಹಜ ಅನ್ನೋದು ಅವರ ವಾದ.

ಆದರೆ ನೋಡ್ರಿ, ಇಂಗ್ಲಿಷ್ ಪೇಪರ್ ಓದಿ ಪತ್ರ ಬರೆದವರು ಒಂದು ಕಡೆ, ಹೊಲದ ದಂಡಿಯಲ್ಲಿ ಕೂತು ಹೇಳಿದವರು ಇನ್ನೊಂದು ಕಡೆ. ಮೊದಲಿನವರು ಮೂಡಿಯ ಪುಸ್ತಕದ ಸುದ್ದಿ ಕೇಳಿರಬಹುದು. ಎರಡನೆಯವರು ಹರಿಕಥೆಯಲ್ಲಿ ಚಿತ್ರಗುಪ್ತನ ವಹಿ ಕೇಳಿದವರು. ಮೆದುಳು ಕತ್ತಲು ತೋರಿಸಬಹುದು, ಆ ಕತ್ತಲಿಗೆ ಸುರಂಗ ಅನ್ನಬೇಕೋ ಯಮನ ದಾರಿ ಅನ್ನಬೇಕೋ ಅನ್ನೋದನ್ನ ಊರು ಕಲಿಸಿರ್ತದೆ. ಈ ಅನುಭವಗಳ ಸರಕು ನಾವು ಹುಟ್ಟಿದ ನೆಲದ್ದು ಅನ್ನೋದರಲ್ಲಿ ನನಗೆ ಈಗ ಸಂಶಯ ಉಳಿದಿಲ್ಲ.

10/11

ಆಸ್ಪತ್ರೆಗಳ ಮಾತಿಗೆ ಬರೋಣ. ಹಳ್ಳಿಯ ಪ್ರಕರಣಗಳಲ್ಲಿ ದೊಡ್ಡ ಕೊರತೆ ಅಂದರೆ ಡಾಕ್ಟರ ಕಾಗದ ಇರೋದಿಲ್ಲ, ಎಷ್ಟೋ ವರ್ಷದ ಮೇಲೆ ಕೇಳಿದ ಮಾತು. ಹೃದಯ ನಿಂತದ್ದು ಮಿಷಿನ್ನಿನಲ್ಲಿ ದಾಖಲಾದವರನ್ನ ಕೂಡಲೇ ಕೇಳಿದರೆ?

ನೆದರ್ಲೆಂಡ್ಸಿನ ಹೃದಯತಜ್ಞ ಪಿಮ್ ವಾನ್ ಲೊಮ್ಮೆಲ್ ಹಾಗೆ ಮಾಡಿದರು. 10 ಆಸ್ಪತ್ರೆ, ಹೃದಯ ನಿಂತು ಮತ್ತೆ ಬದುಕಿದ 344 ಜನ. 62 ಜನ, ಅಂದರೆ ನೂರಕ್ಕೆ 18, ಏನೋ ಒಂದು ಅನುಭವ ಹೇಳಿದರು. 2001ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂತು. ಬರೀ ಆಮ್ಲಜನಕದ ಕೊರತೆಯೇ ಕಾರಣ ಆಗಿದ್ದರೆ ಎಲ್ಲರಿಗೂ ಆಗಬೇಕಿತ್ತಲ್ಲ ಅಂತ ಅವರ ಪ್ರಶ್ನೆ.

ಸ್ಯಾಮ್ ಪಾರ್ನಿಯಾ ಇನ್ನೊಂದು ಉಪಾಯ ಮಾಡಿದರು. ವಾರ್ಡುಗಳಲ್ಲಿ ಎತ್ತರಕ್ಕೆ ಫಳಿ ಹೊಡೆದು, ಮೇಲಿನಿಂದ ನೋಡಿದರೆ ಮಾತ್ರ ಕಾಣುವ ಹಾಗೆ ಚಿತ್ರ ಇಟ್ಟರು. ದೇಹ ಬಿಟ್ಟು ಮೇಲೆ ತೇಲಿದ್ದು ನಿಜವಾದರೆ ಚಿತ್ರ ಕಾಣಬೇಕು. 2014ರ ವರದಿಯಲ್ಲಿ 2060 ಹೃದಯಸ್ತಂಭನಗಳ ಲೆಕ್ಕವಿದೆ, ಬದುಕಿ ಉಳಿದು ಮಾತಾಡಲಿಕ್ಕೆ ಸಿಕ್ಕವರು 140 ಜನ. ಚಿತ್ರ ಕಂಡೆ ಅಂದವರು ಒಬ್ಬರೂ ಇಲ್ಲ. ಒಬ್ಬ ಮಾತ್ರ ತನ್ನನ್ನ ಬದುಕಿಸುವಾಗ ಕೋಣೆಯಲ್ಲಿ ನಡೆದದ್ದನ್ನ ಸರಿಯಾಗಿ ಹೇಳಿದ. ಅವನಿದ್ದ ಕೋಣೆಯಲ್ಲಿ ಫಳಿಯೇ ಇರಲಿಲ್ಲ!

ಮಿಶಿಗನ್‌ನ ಜಿಮೊ ಬೊರ್ಜಿಗಿನ್ 2013ರಲ್ಲಿ ಇಲಿಗಳ ಮೇಲೆ, 2023ರಲ್ಲಿ ಸಾಯುತ್ತಿದ್ದ 4 ಜನ ರೋಗಿಗಳ ದಾಖಲೆಯ ಮೇಲೆ ಕೆಲಸ ಮಾಡಿದರು. ಕೊನೆಯ ಗಳಿಗೆಯಲ್ಲಿ ಮೆದುಳು ಆರುವ ಬದಲು ಒಮ್ಮೆ ಜೋರಾಗಿ ಉರಿದದ್ದು 4ರಲ್ಲಿ 2 ಜನರಲ್ಲಿ ಕಂಡಿತು. ಏನು ಕಂಡಿರಿ ಅಂತ ಕೇಳಲಿಕ್ಕೆ ಅವರು ತಿರುಗಿ ಬರಲಿಲ್ಲ.

ನನ್ನ ಮನಸ್ಸಿನ ಮಾತು ಹೇಳ್ತೀನಿ. ಬದುಕಿ ಬಂದವರ ಮಾತಿನಿಂದ ಸಾವಿನ ಆಚೆ ಏನಿದೆ ಅಂತ ಸಾಬೀತು ಆಗೋದಿಲ್ಲ, ಯಾಕಂದರೆ ಅವರು ಅಲ್ಲಿಗೆ ಪೂರ್ತಿ ಹೋಗಿರಲಿಲ್ಲ. ಹಾಗಂತ ಅವರು ಸುಳ್ಳು ಹೇಳ್ತಾರೆ ಅನ್ನೋದೂ ತಪ್ಪು. ಇಷ್ಟೆಲ್ಲ ಓದಿದ ಮೇಲೆ ನನಗೆ ಆಯಿಯ ಮಾತಿನ ಬೆಲೆ ತಿಳೀತು. ಕಟಗಿ ನಿಜವಾಗಿ ಹಸಿ ಇದ್ದವು, ಮನೆಯವರು ಒಪ್ಪಿದ್ದಾರೆ. ಒಲೆ ಹಿತ್ತಲಿನಲ್ಲಿ, ಆಯಿ ಅಂಗಳದಲ್ಲಿ. ಎಲ್ಲರೂ ಹೆಣ ಅಂದುಕೊಂಡು ಅಳುವಾಗ ಆಕೆಗೆ ವಾಸನೆ ಬರ್ತಿತ್ತು. ಬಹುಶಃ ಅಳೋದೂ ಕೇಳಿಸಿರಬೇಕು, ಯಾರು ಅತ್ತರು, ಯಾರು ಅಳಲಿಲ್ಲ ಅನ್ನೋದೂ. ಅದನ್ನ ಆಕೆ ಯಾರಿಗೂ ಹೇಳಲಿಲ್ಲ.

11/11

ಆಯಿ ಎರಡನೇ ಸಲ ಹೋದಾಗ ನಾನು ಕಾಲೇಜಿನಲ್ಲಿದ್ದೆ. ಮುಂಜಾನೆ 5ರ ಸುಮಾರಿಗೆ ಅಂತ ಫೋನ್ ಬಂತು.

ಈ ಸಲ ಡಾಕ್ಟರು ಬಂದು ನೋಡಿ ಹೇಳಿ ಹೋಗಿದ್ದರು. ಆದರೂ ಮನೆಯಲ್ಲಿ ಯಾರೂ ನೀರು ಕಾಯಲಿಕ್ಕಿಡಲಿಲ್ಲ. ಹಿರೇ ಮಗ ಗ್ವಾಡಿಗೆ ಆನಿಕೊಂಡು ಕೂತಿದ್ದ, ಕಣ್ಣು ಅವ್ವನ ಬೆರಳ ಮೇಲೆ. ಯಾರೋ ಮೂಗಿನ ಹತ್ತಿರ ಅರಳಿ ಹಿಡಿದು ನೋಡಿದರು. ಇನ್ಯಾರೋ ಕನ್ನಡಿ ಹಿಡಿದರು. ಸೊಸೆಯಂದಿರು ಜೋರಾಗಿ ಅಳಲಿಲ್ಲ. ಭಜನೆಯವರು ಬಂದು ದಮ್ಮಡಿ ಕೆಳಗಿಟ್ಟು ಸುಮ್ಮನೆ ಕೂತರು. ಮಧ್ಯಾಹ್ನ ಆಯ್ತು, ಬಿಸಿಲು ಅಂಗಳಕ್ಕೆ ಬಂತು, ನೆರಳಿಗೆ ಸರಿಸಿದರು. ಸ್ವಾಮಿಗಳು ಎರಡು ಸಲ ನೆನಪು ಮಾಡಿದರು, "ಹೊತ್ತಾಗ್ತದ್ರಿ." ಹಿರೇ ಮಗ "ಇನ್ನೊಂದೀಟ್ ತಡೀರಿ ಅಪ್ಪಾವ್ರ" ಅಂತಿದ್ದ.

4 ಗಂಟೆಯಾದ ಮೇಲೆ ಅವನೇ ಎದ್ದು ಹಿತ್ತಲಿಗೆ ಹೋಗಿ ಒಲೆ ಹಚ್ಚಿದ. ಒಣಗಿದ ಕಟಗಿ ಆರಿಸಿ ಆರಿಸಿ ಇಟ್ಟ.

ಸಂಜೆ ಮಣ್ಣಿಗೆ ಮುಂದಿನ ಓಣಿಯ ಆ ಮನೆಯವರೂ ಬಂದಿದ್ದರು. ಮಾತಾಡಲಿಲ್ಲ. ಎಲ್ಲರ ಹಾಗೆ ಮೂರು ಹಿಡಿ ಮಣ್ಣು ಹಾಕಿ, ಕೈ ಜಾಡಿಸಿಕೊಂಡು ಹೋದರು.

ಸರಣಿ ಇಲ್ಲಿಗೆ ಮುಗೀತು. ನಿಮ್ಮ ಊರಲ್ಲೂ ಹೀಗೆ ಹೋಗಿ ಬಂದವರು ಇದ್ದರೆ ಕಾಮೆಂಟಿನಲ್ಲಿ ಬರೀರಿ. ಹೆಸರು ಬೇಡ. ಏನು ಬ್ಯಾನಿ ಇತ್ತು, ಎಷ್ಟು ಹೊತ್ತು ಹಾಗಿದ್ದರು, ಎದ್ದ ಮೇಲೆ ಮೊದಲು ಆಡಿದ ಮಾತು ಏನು, ಇಷ್ಟು ಬರೀರಿ. ಅವರು ಇನ್ನೂ ಇದ್ದರೆ ಅವರನ್ನೇ ಕೇಳಿ ಬರೀರಿ. ಮುಂದಿನ ಸರಣಿ ಗಾಣಗಾಪುರದ ಮಧುಕರಿ ಮತ್ತು ಅಲ್ಲಿ ಮನೆ ಮನೆಯಲ್ಲಿ ನೀಡುವ ರೊಟ್ಟಿಯ ಬಗ್ಗೆ.

#ಆಳಂದ #ಅಫಜಲಪುರ #ಜೇವರ್ಗಿ #ಗಾಣಗಾಪುರ #ಅಮರ್ಜಾ #ಭೀಮಾದಂಡಿ #ನಮ್ಮಕಡೆಯಇತಿಹಾಸ